ಕಿರಿಯರ ಕ್ರಿಕೆಟ್ಟೂ ಮೈದಾನದ ಶಿಸ್ತೂ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಕ್ರಿಕೆಟ್ಟಿಗೆ ಮನಸೋಲದ ಮಕ್ಕಳು ವಿರಳ. ಅವರಿಗೆ ಬೇಕಾದುದು ಕ್ರಮವಾದ ಶಿಕ್ಷಣ. ಒಬ್ಬನು ದಾಂಡು ಬೀಸುತ್ತಿರಲು ಇಪ್ಪತ್ತು ಮಂದಿ ಸುಮ್ಮನೆ ನೋಡುತ್ತ ನಿಂತರೆ ವಿದ್ಯೆ ಬರಲಾರದು. ಬಿಸಿಲೇರುವ ಮುನ್ನ, ಆರಾರು ಮಂದಿಯ ತಂಡಗಳನ್ನು ಮಾಡಿ ಸಣ್ಣ ಅಂಗಳದಲ್ಲಿ ಆಡಿಸಿದರೆ ಪ್ರತಿಯೊಬ್ಬರ ಕೈಗೂ ಚೆಂಡು ಮತ್ತೆ ಮತ್ತೆ ಬರುವುದು. ಒಂದೇ ಗೂಟಕ್ಕೆ ಗುರಿಯಿಟ್ಟೆಸೆಯುವ ಪಂದ್ಯವು ಕ್ಷೇತ್ರರಕ್ಷಣೆಯನ್ನು ಉಪದೇಶವಿಲ್ಲದೆಯೇ ಕಲಿಸುವುದು.

ಕೈಚಳಕಕ್ಕಿಂತ ನಡತೆಯು ದೊಡ್ಡದೆಂಬುದು ನಮ್ಮ ಮತ. ಮಕ್ಕಳೇ ಸರದಿಯಂತೆ ತೀರ್ಪುಗಾರರಾಗಲಿ. ತೀರ್ಪು ಕೊಡುವವನ ಕಷ್ಟವನ್ನರಿತವನು ಅದನ್ನು ಮರುಮಾತಿಲ್ಲದೆ ಪಾಲಿಸುವನು. ತನಗೆ ಲಾಭವಾದ ತಪ್ಪನ್ನು ತಾನೇ ಬಿಟ್ಟುಕೊಡುವುದು ಇನ್ನೂ ಮೇಲಾದ ಶಿಸ್ತು. 1980ರಲ್ಲಿ ಮುಂಬಯಿಯ ಟೆಸ್ಟ್ ಪಂದ್ಯದಲ್ಲಿ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥರು, ಔಟೆಂದು ಹೊರಟಿದ್ದ ಇಂಗ್ಲೆಂಡಿನ ಬಾಬ್ ಟೇಲರರನ್ನು ಮರಳಿ ಕರೆದರು. ಟೇಲರ್–ಬೋಥಮರ ಜೊತೆಯಾಟವು 171 ಓಟಗಳಿಗೆ ಬೆಳೆಯಿತು. ಭಾರತವು 10 ವಿಕೆಟ್ಟುಗಳಿಂದ ಸೋತಿತು. ಆ ಸೋಲನ್ನು ಕನ್ನಡಿಗರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಧರ್ಮದಲ್ಲಿ ನಿಷ್ಠೆಯುಳ್ಳ ಸಾಮಾನ್ಯನೂ ಉನ್ನತಿಯನ್ನು ಪಡೆಯಬಲ್ಲನೆಂದು ಮಸ್ಕಿಯ ಅಶೋಕಶಾಸನವು ಸಾರುತ್ತದೆ. ಈ ಮೂರು ಊರುಗಳ ಅಧಿಕಾರಿಗಳೂ ಮಹನೀಯರೂ ಬಹುಮಾನದ ಬಟ್ಟಲಿಗಿಂತ ಮೊದಲು ಸಮತಟ್ಟಾದ ಬಯಲನ್ನೂ ತಾಳ್ಮೆಯುಳ್ಳ ಗುರುವನ್ನೂ ಮಕ್ಕಳಿಗೆ ಒದಗಿಸಲೆಂದು ಕೋರುತ್ತೇವೆ.