ನೆಲಕ್ಕೆ ಕಿವಿಗೊಟ್ಟ ಹುಡುಗ

ಪರದೇಶಕ್ಕೆ ಹೋಗಿ ನೆಲೆಸಿದವರ ಆತ್ಮಕಥೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಬಿಟ್ಟು ಬಂದ ಊರನ್ನು ನೆನೆದು ಕಣ್ಣೀರಿಡುವುದು ಒಂದು ಬಗೆ. ಸೇರಿದ ನಾಡಿನ ಸಿರಿಯನ್ನು ಕೊಂಡಾಡುವುದು ಇನ್ನೊಂದು. ಬಿಟ್ಟು ಬಂದ ಊರು ಸೇರಿದ ನಾಡಿಗೆ ಏನನ್ನು ಕೊಟ್ಟಿತೆಂಬುದನ್ನು ಹೇಳುವ ಪುಸ್ತಕಗಳು ವಿರಳ. 1923ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದ ‘ವಲಸೆಗಾರನಿಂದ ಶೋಧಕನವರೆಗೆ’ ಎಂಬ ಆತ್ಮಕಥೆ ಅಂಥ ವಿರಳ ಕೃತಿಗಳಲ್ಲೊಂದು.

ಅದನ್ನು ಬರೆದಾತ ಮೈಕೇಲ್ ಪೂಪಿನ್. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ. ದೂರವಾಣಿಯ ದನಿಯನ್ನು ಹಿಂದೆಂದಿಗಿಂತಲೂ ದೂರಕ್ಕೆ ಸಾಗಿಸುವ ಉಪಾಯವನ್ನು ಕಂಡುಹಿಡಿದು ಕೀರ್ತಿವಂತನಾದ ವಿಜ್ಞಾನಿ. ಆದರೆ ತೊಟ್ಟಿಲಲ್ಲಿ ಆತನಿಗಿಟ್ಟ ಹೆಸರು ಮಿಹಾಯ್ಲೊ. ಸರ್ಬಿಯನ್ ರೈತನೊಬ್ಬನ ಮಗ. ಇರುಳಲ್ಲಿ ಎತ್ತು ಕಾಯುತ್ತಿದ್ದ ಹುಡುಗ.

ಗಡಿಯ ಹಳ್ಳಿ

ಇಂದಿನ ಸರ್ಬಿಯ ದೇಶದ ಉತ್ತರ ಭಾಗದಲ್ಲಿ, ಬಾನಾತ್ ಎಂಬ ಬಯಲುಸೀಮೆಯಲ್ಲಿ, ಇದ್ವೊರ್ ಎಂಬ ಪುಟ್ಟ ಹಳ್ಳಿಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದು ಆಸ್ಟ್ರಿಯದ ಚಕ್ರವರ್ತಿಯ ಆಳಿಕೆಗೆ ಸೇರಿತ್ತು. ತುರ್ಕರ ಹಾವಳಿಗೆ ಹೆದರಿ 1690ರಲ್ಲಿ ದಕ್ಷಿಣದಿಂದ ಓಡಿಬಂದ ಸರ್ಬಿಯನ್ನರಿಗೆ ಅಂದಿನ ಚಕ್ರವರ್ತಿ ಆಶ್ರಯವಿತ್ತಿದ್ದ. ಭೂಮಿಯನ್ನು ಉಳಬಹುದು, ತಮ್ಮ ಧರ್ಮವನ್ನು ತಾವು ಪಾಲಿಸಬಹುದು. ಪ್ರತಿಯಾಗಿ ಸಾಮ್ರಾಜ್ಯದ ಗಡಿಯನ್ನು ಕಾಯಬೇಕು ಎಂಬುದು ಕರಾರು. ಹೀಗಾಗಿ ಅಲ್ಲಿಯ ರೈತನ ಒಂದು ಕೈಯಲ್ಲಿ ನೇಗಿಲು, ಇನ್ನೊಂದರಲ್ಲಿ ಬಂದೂಕು.

ಚಳಿಗಾಲದ ಸಂಜೆಗಳಲ್ಲಿ ನೆರೆಹೊರೆಯವರು ಒಂದೊಂದು ದಿನ ಒಂದೊಂದು ಮನೆಯಲ್ಲಿ ಕೂಡುತ್ತಿದ್ದರು. ಹೆಂಗಸರು ನೂಲು ತೆಗೆಯುತ್ತಿದ್ದರೆ ಮುದುಕರು ಒಲೆಯ ಸುತ್ತ ಕುಳಿತು ತಾವು ಕಾದಿದ ಯುದ್ಧಗಳನ್ನೂ, 1389ರ ಕೊಸೊವೊ ಕಾಳಗದ ಲಾವಣಿಗಳನ್ನೂ ಮಕ್ಕಳಿಗೆ ಹೇಳುತ್ತಿದ್ದರು. ಶಾಲೆಯ ಪಾಠ ಹುಡುಗನಿಗೆ ರುಚಿಸಲಿಲ್ಲ. ಇಷ್ಟೊಂದು ಕಥೆ ಬಲ್ಲ ಮುದುಕರಿಗೇ ಓದು ಬಾರದಿರುವಾಗ ತನಗೇಕೆ ಅದು ಎಂದು ಅವನ ವಾದ.

ಆ ವಾದಕ್ಕೆ ಉತ್ತರ ಹೇಳಿದವಳು ಅವನ ತಾಯಿ ಒಲಿಂಪಿಯಾದ. ಆಕೆಯೂ ನಿರಕ್ಷರಿಯೇ. ಆದರೆ ಬೈಬಲಿನ ಸ್ತೋತ್ರಗಳೂ ಸರ್ಬಿಯದ ವೀರಗೀತೆಗಳೂ ಆಕೆಯ ನಾಲಗೆಯ ತುದಿಯಲ್ಲಿದ್ದವು. ಹಳ್ಳಿಯಾಚೆಗಿನ ಪ್ರಪಂಚವನ್ನು ನೋಡಬೇಕಾದರೆ ಹುಟ್ಟುಗಣ್ಣುಗಳು ಸಾಲವು, ಅಕ್ಷರವೆಂಬ ಇನ್ನೊಂದು ಜೊತೆ ಕಣ್ಣು ಬೇಕು ಎಂದು ಆಕೆ ಮಗನಿಗೆ ತಿಳಿಹೇಳಿದಳು. ತನಗಿಲ್ಲದ ಕಣ್ಣು ಮಗನಿಗಿರಲಿ ಎಂದ ಆ ತಾಯಿಯ ಮಾತು ಅವನನ್ನು ಶಾಲೆಗೆ ಅಟ್ಟಿದ್ದಷ್ಟೇ ಅಲ್ಲ, ಮುಂದೆ ಕಡಲಾಚೆಗೂ ಅಟ್ಟಿತು.

ಇರುಳಿನ ಪಾಠಶಾಲೆ

ಬೇಸಗೆಯ ರಜೆಯಲ್ಲಿ ಇದ್ವೊರಿನ ಹುಡುಗರಿಗೆ ಇನ್ನೊಂದು ಶಾಲೆ ತೆರೆಯುತ್ತಿತ್ತು. ಹಗಲೆಲ್ಲ ದುಡಿದ ಎತ್ತುಗಳನ್ನು ರಾತ್ರಿ ಹುಲ್ಲುಗಾವಲಿಗೆ ಬಿಡುವುದು ಅಲ್ಲಿಯ ವಾಡಿಕೆ. ಅವನ್ನು ಕಾಯಲು ಅನುಭವಿಯಾದ ಒಬ್ಬ ಹಿರಿಯ; ಅವನ ಕೈಕೆಳಗೆ ಹನ್ನೆರಡು ಹದಿಮೂರು ವರ್ಷದ ಹುಡುಗರ ತಂಡ. ಹುಲ್ಲುಗಾವಲಿನ ಪಕ್ಕದಲ್ಲೇ ಮುಸುಕಿನ ಜೋಳದ ಹೊಲಗಳು. ದನಗಳ್ಳರು ಆ ಜೋಳದ ಮರೆಯಲ್ಲಿ ಅಡಗಿ ಹೊಂಚುಹಾಕುತ್ತಿದ್ದರು. ಎತ್ತು ಜೋಳದೊಳಗೆ ನುಗ್ಗಿತೆಂದರೆ ಮತ್ತೆ ರೈತನ ಕೈಗೆ ಸಿಕ್ಕುವಂತಿರಲಿಲ್ಲ.

ಬೆಳದಿಂಗಳಿಲ್ಲದ ಇರುಳು, ಕೂಗಿ ಹೇಳಿದರೆ ಕಳ್ಳರಿಗೂ ಕೇಳೀತು. ಆದ್ದರಿಂದ ಹುಡುಗರು ನೆಲದ ಮೂಲಕವೇ ಮಾತನಾಡುವುದನ್ನು ಕಲಿತಿದ್ದರು. ಉದ್ದವಾದ ಮರದ ಹಿಡಿಯುಳ್ಳ ಚೂರಿಯನ್ನು ನೆಲದಲ್ಲಿ ಆಳವಾಗಿ ನೆಟ್ಟು ಹಿಡಿಯನ್ನು ಬಡಿಯುವುದು. ದೂರದಲ್ಲಿ ಇನ್ನೊಬ್ಬ ನೆಲಕ್ಕೆ ಕಿವಿಯಿಟ್ಟು ಆಲಿಸುವುದು. ಬಂದ ಸದ್ದಿನಿಂದ ಬಡಿದವನು ಯಾವ ದಿಕ್ಕಿನಲ್ಲಿದ್ದಾನೆ, ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಅವರು ಊಹಿಸುತ್ತಿದ್ದರು.

ಅಲ್ಲಿ ಮಿಹಾಯ್ಲೊ ಒಂದು ವಿಚಿತ್ರವನ್ನು ಕಂಡ. ಹುಲ್ಲುಗಾವಲಿನ ಗಟ್ಟಿನೆಲದಲ್ಲಿ ಸದ್ದು ಬಹು ದೂರ ಹೋಗುತ್ತಿತ್ತು. ಉತ್ತ ಹೊಲದ ಸಡಿಲು ಮಣ್ಣಿನಲ್ಲಿ ಸ್ವಲ್ಪದರಲ್ಲೇ ಅಡಗಿಬಿಡುತ್ತಿತ್ತು. ಅದೇಕೆ ಹಾಗೆ? ಸದ್ದೆಂದರೇನು? ತಲೆಯ ಮೇಲೆ ಮಿನುಗುವ ನಕ್ಷತ್ರಗಳಿಂದ ಇಳಿದುಬರುವ ಬೆಳಕೆಂದರೇನು? ಹಿರಿಯ ಗೋಪಾಲಕನಿಗೆ ಉತ್ತರ ತಿಳಿದಿರಲಿಲ್ಲ. ಪ್ರಶ್ನೆ ಮಾತ್ರ ಹುಡುಗನ ಎದೆಯಲ್ಲಿ ನೆಟ್ಟ ಚೂರಿಯಂತೆ ಉಳಿಯಿತು.

ಹೆಚ್ಚಿನ ಓದಿಗೆಂದು ಅವನು ಪಾಂಚೆವೊ ಪಟ್ಟಣಕ್ಕೆ ಹೋದ. ಅಲ್ಲಿಯ ಉಪಾಧ್ಯಾಯರೊಬ್ಬರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದ ಕಥೆಯನ್ನು ಹೇಳಿದರು. ಮನೆಗೆ ಬಂದ ಹುಡುಗ ಉತ್ಸಾಹದಿಂದ ಆ ಕಥೆ ಹೇಳಿದರೆ ತಂದೆ ಕೆರಳಿದ. ಗುಡುಗೆಂದರೆ ಸಂತ ಎಲಿಯನ ರಥ ಆಕಾಶದಲ್ಲಿ ಉರುಳುವ ಸದ್ದೆಂದು ತಲೆತಲಾಂತರದಿಂದ ನಂಬಿದ ಮನೆತನ ಅದು. ಆಗ ಮಗನ ನೆರವಿಗೆ ಬಂದವಳೂ ತಾಯಿಯೇ.

ಕುರಿಯ ಚರ್ಮದ ಅಂಗಿ

ಪಾಂಚೆವೊದಿಂದ ಹುಡುಗ ಪ್ರಾಗ್ ನಗರಕ್ಕೆ ಹೋದ. ಅವನು ಅಲ್ಲಿದ್ದಾಗಲೇ ತಂದೆ ತೀರಿಕೊಂಡ. ಹೊಲಮನೆಗಳ ಹೊರೆ ತಾಯಿಯ ತಲೆಯ ಮೇಲೆ ಬಿತ್ತು. ಮಗ ಊರಿಗೆ ಹಿಂದಿರುಗಿ ನೇಗಿಲು ಹಿಡಿಯುತ್ತೇನೆಂದರೆ ಆಕೆ ಒಪ್ಪಲೊಲ್ಲಳು. ತಾನು ಹೇಗೋ ನಿಭಾಯಿಸುವೆ, ನೀನು ಓದು ಎಂಬುದೊಂದೇ ಅವಳ ಹಟ. ಓದಿಗೆ ಹಣ ಕಳಿಸಲು ಆಕೆ ಪಡುವ ಪಾಡನ್ನು ನೆನೆದರೆ ಹುಡುಗನಿಗೆ ಪ್ರಾಗಿನ ಅನ್ನ ಗಂಟಲಲ್ಲಿ ಇಳಿಯದು. ಹಿಂದಿರುಗಿದರೆ ತಾಯಿಯ ಆಸೆ ಮಣ್ಣುಪಾಲು. ಅಲ್ಲಿಯೇ ಇದ್ದರೆ ತಾಯಿಗೆ ಭಾರ. ಹೊರಬರುವ ದಾರಿಯೊಂದು ಅವನ ಕಣ್ಣಿಗೆ ಬಿದ್ದದ್ದು ಹಡಗು ಕಂಪನಿಯ ಜಾಹೀರಾತಿನಲ್ಲಿ.

ಪುಸ್ತಕ, ಗಡಿಯಾರ, ಬಟ್ಟೆ, ಕೊನೆಗೆ ಚಳಿಗೆ ಆಸರೆಯಾಗಿದ್ದ ಕುರಿಯ ಚರ್ಮದ ಅಂಗಿ, ಟೋಪಿ, ಎಲ್ಲವನ್ನೂ ಮಾರಿ ಹಡಗಿನ ದರ ಹೊಂದಿಸಿದ. 1874ರ ಮಾರ್ಚ್ ತಿಂಗಳಲ್ಲಿ ಹ್ಯಾಂಬರ್ಗ್ ಬಂದರಿನಿಂದ ‘ವೆಸ್ಟ್‌ಫೇಲಿಯ’ ಎಂಬ ಹಡಗನ್ನು ಏರಿದ. ಕೆಳಗಿನ ದರ್ಜೆಯ ಪ್ರಯಾಣಿಕರು ಹಾಸಿಗೆ ಹೊದಿಕೆಗಳನ್ನು ತಾವೇ ತರಬೇಕು. ಅವನ್ನು ಕೊಳ್ಳಲು ಇವನಲ್ಲಿ ಕಾಸಿರಲಿಲ್ಲ. ಅಟ್ಲಾಂಟಿಕ್ ಸಾಗರದ ಚಳಿಗಾಳಿಯಲ್ಲಿ ಹಡಗಿನ ಬೆಚ್ಚಗಿನ ಹೊಗೆಕೊಳವೆಯನ್ನು ತಬ್ಬಿಕೊಂಡು ಇರುಳುಗಳನ್ನು ಕಳೆದ. ಮಾರಿಬಿಟ್ಟ ಆ ಕುರಿಯ ಚರ್ಮದ ಅಂಗಿ ಅವನಿಗೆ ಎಷ್ಟು ಸಲ ನೆನಪಾಯಿತೋ!

ಐದು ಸೆಂಟಿನ ಸಿರಿ

ನ್ಯೂಯಾರ್ಕಿನ ಕ್ಯಾಸಲ್ ಗಾರ್ಡನ್ ಎಂಬಲ್ಲಿ ಆಗ ವಲಸೆಗಾರರ ತಪಾಸಣೆ ನಡೆಯುತ್ತಿತ್ತು. ಹುಡುಗನ ಜೇಬಿನಲ್ಲಿದ್ದುದು ಐದು ಸೆಂಟು. ಅಮೆರಿಕದಲ್ಲಿ ಪರಿಚಿತರು ಯಾರಿದ್ದಾರೆಂದು ಅಧಿಕಾರಿಗಳು ಕೇಳಿದಾಗ ಅವನು ಹೇಳಿದ ಹೆಸರುಗಳು ಮೂರು: ಫ್ರಾಂಕ್ಲಿನ್, ಲಿಂಕನ್, ಮತ್ತು ‘ಅಂಕಲ್ ಟಾಮನ ಗುಡಿಸಲು’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್. ಮೂವರಲ್ಲಿ ಇಬ್ಬರು ಆಗಲೇ ತೀರಿಹೋಗಿದ್ದರು! ಅಧಿಕಾರಿಗಳು ನಕ್ಕು ಒಳಗೆ ಬಿಟ್ಟರು.

ಹೊಸ ನಾಡಿನ ಮೊದಲ ಪಾಠ ಬೀದಿಯಲ್ಲೇ ಆಯಿತು. ಐದು ಸೆಂಟನ್ನೂ ಕೊಟ್ಟು ಒಣಹಣ್ಣಿನ ಹೂರಣದ ಕಡುಬನ್ನು ಕೊಂಡು ಕಚ್ಚಿದರೆ ಒಳಗಿದ್ದುದೆಲ್ಲ ಬರೀ ಬೀಜ. ತಲೆಯ ಮೇಲಿದ್ದ ಕೆಂಪು ಟೋಪಿಯನ್ನು ಪತ್ರಿಕೆ ಮಾರುವ ಹುಡುಗನೊಬ್ಬ ಬೀಳಿಸಿದ. ಇದ್ವೊರಿನ ಹುಲ್ಲುಗಾವಲಿನಲ್ಲಿ ಕುಸ್ತಿ ಕಲಿತವನು ಸುಮ್ಮನಿರುವನೆ? ಅಲ್ಲಿಯೇ ಹಿಡಿದು ಕೆಡವಿದ. ನೋಡುತ್ತ ನಿಂತವರಿಗೆ ಹುಡುಗನ ಕೆಚ್ಚು ಮೆಚ್ಚಿಕೆಯಾಯಿತು. ಅನಂತರ ಡೆಲವೇರ್ ಪ್ರಾಂತದ ರೈತನೊಬ್ಬ ಅವನನ್ನು ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಕರೆದೊಯ್ದ. ಇಂಗ್ಲಿಷಿನ ಮೊದಲ ಮಾತುಗಳನ್ನು ಅವನು ಕಲಿತದ್ದು ಆ ರೈತನ ಮನೆಯಲ್ಲಿ.

ಮತ್ತೆ ನ್ಯೂಯಾರ್ಕಿಗೆ ಬಂದವನು ಮಾಡಿದ ಕೆಲಸಗಳಿಗೆ ಲೆಕ್ಕವಿಲ್ಲ. ಬೀದಿಯಲ್ಲಿ ಸುರಿದ ಕಲ್ಲಿದ್ದಲನ್ನು ಮನೆಗಳ ನೆಲಮಾಳಿಗೆಗೆ ತುಂಬಿದ. ಗೋಡೆಗೆ ಬಣ್ಣ ಬಳಿದ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಬಿಸ್ಕತ್ತುಗಳ ಮೇಲೆ ಹೆಸರಿನ ಮುದ್ರೆಯೊತ್ತಿದ. ಆ ಕಾರ್ಖಾನೆಯ ಉಗಿಯಂತ್ರದ ಬೆಂಕಿ ನೋಡಿಕೊಳ್ಳುತ್ತಿದ್ದ ಕೆಲಸಗಾರನೇ ಅವನಿಗೆ ಯಂತ್ರಶಾಸ್ತ್ರದ ಮೊದಲ ಗುರು. ಅಲ್ಲಿಯೇ ಇದ್ದ ಮುದಿ ವಿದ್ವಾಂಸನೊಬ್ಬ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿಸಿದ. ಸಂಜೆಯಾದರೆ ಕೂಪರ್ ಯೂನಿಯನ್ ಸಂಸ್ಥೆಯ ಉಚಿತ ವಾಚನಾಲಯ. ತಾಯಿ ಹೇಳಿದ ಎರಡನೆಯ ಜೊತೆ ಕಣ್ಣುಗಳಿಗೆ ಅಲ್ಲಿ ಬೇಕಾದಷ್ಟು ಮೇವಿತ್ತು.

ವಲಸೆಗಾರನ ದೃಷ್ಟಿಯ ವೈಶಿಷ್ಟ್ಯ ಈ ಅಧ್ಯಾಯಗಳಲ್ಲಿ ಎದ್ದುಕಾಣುತ್ತದೆ. ಅಲ್ಲಿಯೇ ಹುಟ್ಟಿದವನಿಗೆ ಬಿಸ್ಕತ್ತು ಬಿಸ್ಕತ್ತಷ್ಟೆ, ಕಲ್ಲಿದ್ದಲು ಕಲ್ಲಿದ್ದಲಷ್ಟೆ. ಹೊರಗಿನಿಂದ ಬಂದವನಿಗೆ ಅವೆಲ್ಲವೂ ಆ ನಾಡನ್ನು ಓದಲು ಕಲಿಸುವ ಅಕ್ಷರಗಳು. ಹೊಸ ಮುಖವನ್ನು ಕಂಡಾಗಲೆಲ್ಲ ಅವನು ಅದನ್ನು ಇದ್ವೊರಿನ ಯಾವುದೋ ಮುಖದ ಪಕ್ಕದಲ್ಲಿಟ್ಟು ತೂಗಿನೋಡುತ್ತಾನೆ.

ಪ್ರಶ್ನೆಗೆ ಉತ್ತರ

1879ರಲ್ಲಿ ಪೂಪಿನ್ ಕೊಲಂಬಿಯ ಕಾಲೇಜನ್ನು ಸೇರಿದ. 1883ರಲ್ಲಿ ಪದವಿಯನ್ನೂ ಅಮೆರಿಕದ ಪೌರತ್ವವನ್ನೂ ಪಡೆದ. ಆ ವರ್ಷವೇ ಊರಿಗೆ ಹೋಗಿ ತಾಯಿಯ ಮುಂದೆ ನಿಂತ. ಬಳಿಕ ಇಂಗ್ಲೆಂಡಿನ ಕೇಂಬ್ರಿಜ್, ಜರ್ಮನಿಯ ಬರ್ಲಿನ್‌ಗಳಲ್ಲಿ ಓದಿ, ಮಹಾವಿಜ್ಞಾನಿ ಹೆಲ್ಮ್‌ಹೋಲ್ಟ್ಸನ ಶಿಷ್ಯನಾಗಿ, 1889ರಲ್ಲಿ ಡಾಕ್ಟರೇಟ್ ಪಡೆದು ಕೊಲಂಬಿಯಕ್ಕೆ ಅಧ್ಯಾಪಕನಾಗಿ ಮರಳಿದ. 1896ರಲ್ಲಿ, ಎಕ್ಸ್ ಕಿರಣಗಳ ಶೋಧದ ಸುದ್ದಿ ಬಂದ ಕೆಲವೇ ವಾರಗಳಲ್ಲಿ, ಚರೆಗುಂಡುಗಳು ಹೊಕ್ಕಿದ್ದ ಕೈಯೊಂದರ ಚಿತ್ರವನ್ನು ತೆಗೆದುಕೊಟ್ಟು ಶಸ್ತ್ರವೈದ್ಯರಿಗೆ ನೆರವಾದ.

ಆದರೆ ಆತನ ಹೆಸರು ನಿಂತದ್ದು ದೂರವಾಣಿಯಿಂದ. ಆಗಿನ ತಂತಿಗಳಲ್ಲಿ ದೂರ ಹೋದಂತೆಲ್ಲ ಮಾತು ಕ್ಷೀಣಿಸಿ ಕಲಸಿಹೋಗುತ್ತಿತ್ತು. ತಂತಿಯುದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಸುರುಳಿಗಳನ್ನು ಜೋಡಿಸಿದರೆ ದನಿಯ ಅಲೆಗಳು ಹೆಚ್ಚು ಕುಗ್ಗದೆ ಸಾಗುತ್ತವೆಂದು ಪೂಪಿನ್ ಲೆಕ್ಕಹಾಕಿ ತೋರಿಸಿದ. ಅಂತರ ತಪ್ಪಿದರೆ ಉಪಾಯ ಕೆಟ್ಟಿತು. ಅಂತರದ ಲೆಕ್ಕದಲ್ಲೇ ಅದರ ಗುಟ್ಟು. 1900ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಬಹಳಷ್ಟು ಹಣವೂ ಕೈಸೇರಿತು. ಗಟ್ಟಿನೆಲದಲ್ಲಿ ದೂರ ಹೋಗಿ ಸಡಿಲು ಮಣ್ಣಿನಲ್ಲಿ ಅಡಗುತ್ತಿದ್ದ ಸದ್ದಿನ ಒಗಟಿನಿಂದಲೇ ತನ್ನ ಜಿಜ್ಞಾಸೆ ಮೊದಲಾಯಿತೆಂದು ಆತ ಬರೆದುಕೊಂಡಿದ್ದಾನೆ.

ಈ ಕೀರ್ತಿಗೆ ಪಾಲುದಾರರಿದ್ದರೆಂಬುದನ್ನೂ ಮರೆಯಲಾಗದು. ತಂತಿಗೆ ಇಂಥ ಹೊರೆ ಕೊಟ್ಟರೆ ಗುಣವಾದೀತೆಂಬ ಸಿದ್ಧಾಂತವನ್ನು ಮೊದಲು ಹೇಳಿದವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಅಮೆರಿಕದಲ್ಲಿಯೇ ಜಾರ್ಜ್ ಕ್ಯಾಂಬೆಲ್ ಎಂಬ ತಂತ್ರಜ್ಞ ಅದೇ ಕಾಲಕ್ಕೆ ಅದೇ ಉಪಾಯವನ್ನು ಕಂಡುಕೊಂಡಿದ್ದ. ಪೇಟೆಂಟಿನ ವ್ಯಾಜ್ಯದಲ್ಲಿ ಗೆದ್ದವನು ಪೂಪಿನ್.

ತೀರದ ಋಣ

ಮಗನ ಈ ವೈಭವವನ್ನು ನೋಡಲು ತಾಯಿ ಉಳಿದಿರಲಿಲ್ಲ. ಆತ ಬರ್ಲಿನ್ನಿನಲ್ಲಿ ಓದುತ್ತಿದ್ದಾಗಲೇ ಆಕೆಯ ಸಾವಿನ ಸುದ್ದಿ ಬಂದಿತ್ತು. ಕೊನೆಗಾಲದಲ್ಲಿ ಮಗ ಬಳಿಯಿರಲಿಲ್ಲ. ಓದಿನ ಕಣ್ಣು ಕೊಡಿಸಿದ ತಾಯಿ ಅದಕ್ಕೆ ತೆತ್ತ ಬೆಲೆ ಮಗನ ಅಗಲಿಕೆ. ಇದನ್ನು ಪೂಪಿನ್ ಚೆನ್ನಾಗಿ ಬಲ್ಲ. ತಾಯಿಯ ಹೆಸರು ಉಳಿಯುವಂತೆ ಏನನ್ನಾದರೂ ಮಾಡಬೇಕೆಂದು ಅಂದೇ ಸಂಕಲ್ಪಿಸಿದ. 1914ರಲ್ಲಿ, ಸರ್ಬಿಯದ ವಿಜ್ಞಾನ ಅಕಾಡೆಮಿಯಲ್ಲಿ ಆಕೆಯ ಹೆಸರಿನ ನಿಧಿಯೊಂದು ಸ್ಥಾಪಿತವಾಯಿತು. ಬಡಮಕ್ಕಳ ಓದಿಗೆ ನೆರವಾಗುವುದು ಅದರ ಉದ್ದೇಶ. ಅಕ್ಷರವರಿಯದ ಹೆಂಗಸಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೇನಿದ್ದೀತು?

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಪ್ಯಾರಿಸ್ಸಿನಲ್ಲಿ ಗಡಿಗಳನ್ನು ಹೊಸದಾಗಿ ಎಳೆಯುವ ಮಾತುಕತೆ ನಡೆದಾಗ ಪೂಪಿನ್ ಅಲ್ಲಿಗೆ ಹೋಗಿ ಸರ್ಬಿಯನ್ನರ ಪರವಾಗಿ ವಾದಿಸಿದ. ಇದ್ವೊರ್ ಹೊಸದಾಗಿ ಹುಟ್ಟಿದ ದಕ್ಷಿಣ ಸ್ಲಾವರ ರಾಜ್ಯಕ್ಕೆ ಸೇರಿತು. ಚಕ್ರವರ್ತಿಯ ಗಡಿಯನ್ನು ಕಾದ ರೈತರ ಮೊಮ್ಮಗನಿಗೆ ಗಡಿ ಎಳೆಯುವವರೊಡನೆ ಮಾತನಾಡುವ ಕಾಲ ಬಂದಿತ್ತು.

ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ದೊರೆತ 1924ರಲ್ಲಿಯೇ ಅಮೆರಿಕ ಹೊಸ ವಲಸೆ ಶಾಸನವೊಂದನ್ನು ತಂದಿತು. ದಕ್ಷಿಣ ಹಾಗೂ ಪೂರ್ವ ಯೂರೋಪಿನವರಿಗೆ ಅದು ಬಹುಮಟ್ಟಿಗೆ ಬಾಗಿಲು ಮುಚ್ಚಿತು. ಏಷ್ಯದವರಿಗಂತೂ ಹೆಚ್ಚುಕಡಿಮೆ ಪೂರ್ತಿಯಾಗಿಯೇ. ಒಂದು ಕೈಯಿಂದ ವಲಸೆಗಾರನ ಕೊರಳಿಗೆ ಹಾರ ಹಾಕಿದ ದೇಶ ಇನ್ನೊಂದು ಕೈಯಿಂದ ಅವನಂಥವರಿಗೆ ಅಗಳಿಯಿಕ್ಕಿತು. ಐದು ಸೆಂಟಿನ ಹುಡುಗ ಐವತ್ತು ವರ್ಷ ತಡವಾಗಿ ಬಂದಿದ್ದರೆ ಅವನ ಮೂರು ಹೆಸರುಗಳನ್ನು ಕೇಳಿ ನಗುವವರೂ ಇರುತ್ತಿರಲಿಲ್ಲವೇನೋ.

ಪೂಪಿನ್ 1935ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಆತನ ಹಣದಿಂದ ಇದ್ವೊರಿನಲ್ಲಿ ಕಟ್ಟಿಸಿದ ಜನಭವನ ಪೂರ್ಣಗೊಂಡದ್ದು ಮರುವರ್ಷ. ಊರಿನ ರೈತರು ಕೂಡಿ ಕಲಿಯಲೆಂದು ಕಟ್ಟಿದ ಮನೆ ಅದು. ಚಳಿಗಾಲದ ಸಂಜೆ ಒಲೆಯ ಸುತ್ತ ನಡೆಯುತ್ತಿದ್ದ ಕೂಟಗಳಿಗೆ ಆತ ಕಡಲಾಚೆಯಿಂದ ಸಲ್ಲಿಸಿದ ಕಾಣಿಕೆ. ಆ ಭವನವೂ ಆತ ಹುಟ್ಟಿದ ಮನೆಯೂ ಈಗ ಸ್ಮಾರಕಗಳಾಗಿವೆ.