ಊಟ ಬಿಟ್ಟು ರಾಜನಿಗೆ 'ಬೇಡ' ಅಂದ ವಿದ್ಯಾರ್ಥಿಗಳು

ಇಯರ್‌ಫೋನ್ ಹಾಕ್ಕೊಂಡ್ರಾ? ಬನ್ನಿ, ಇವತ್ತು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹೋಗೋಣ.

ಕೆ-ಡ್ರಾಮಾ ನೋಡೋರಿಗೆ 2010ರ 'ಸಂಗ್‌ಕ್ಯೂನ್‌ಕ್ವಾನ್ ಸ್ಕ್ಯಾಂಡಲ್' ಗೊತ್ತಿರಬಹುದು. ಹುಡುಗಿಯೊಬ್ಬಳು ಹುಡುಗನ ವೇಷದಲ್ಲಿ ಓದೋಕೆ ಹೋಗ್ತಾಳೆ, ಯಾಕಂದ್ರೆ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಅದು ಕಟ್ಟುಕತೆ. ಆದ್ರೆ ಸಂಗ್‌ಕ್ಯೂನ್‌ಕ್ವಾನ್ ನಿಜವಾದ ವಿದ್ಯಾಲಯ. ಸೋಲ್‌ನಲ್ಲಿ ಅದು ಶುರುವಾಗಿದ್ದು 1398ರಲ್ಲಿ, ಜೋಸನ್ ರಾಜವಂಶದ ಕಾಲದಲ್ಲಿ. ಕನ್‌ಫ್ಯೂಷಿಯಸ್‌ನ ಚಿಂತನೆ ಕಲಿತು, ಪರೀಕ್ಷೆ ಬರೆದು, ಸರ್ಕಾರಿ ಅಧಿಕಾರಿ ಆಗೋದೇ ಅಲ್ಲಿನ ಹುಡುಗರ ಗುರಿ.

ನನಗೆ ತುಂಬಾ ಇಷ್ಟವಾಗಿದ್ದು ಅವರ ಹಾಜರಿ ಪದ್ಧತಿ. ಹಾಜರಿ ಹಾಕ್ತಿದ್ದದ್ದು ಕ್ಲಾಸ್‌ನಲ್ಲಲ್ಲ, ಊಟದ ಮನೆಯಲ್ಲಿ! ಬೆಳಗ್ಗೆ, ಸಂಜೆ ಎರಡೂ ಊಟಕ್ಕೆ ಬಂದು ಪುಸ್ತಕದಲ್ಲಿ ಗುರುತು ಹಾಕಿದ್ರೆ ಒಂದು ಅಂಕ. 300 ಅಂಕ ಆದ್ರೆ ಅಲ್ಲಿನ ವಿದ್ಯಾರ್ಥಿಗಳಿಗೆಂದೇ ಇದ್ದ ವಿಶೇಷ ಪರೀಕ್ಷೆಗೆ ಕೂರಬಹುದು. ಊಟ, ವಸತಿ ಎಲ್ಲ ರಾಜ್ಯದ ಖರ್ಚು.

ಈಗ ಯೋಚನೆ ಮಾಡಿ. ಊಟ ತಪ್ಪಿಸಿದ್ರೆ ಅಂಕ ಹೋಗುತ್ತೆ, ಅಂಕ ಹೋದ್ರೆ ಕೆಲಸದ ದಾರಿ ದೂರ ಆಗುತ್ತೆ. ಆದ್ರೂ ಸರ್ಕಾರದ ನಿರ್ಧಾರ ಸರಿಯಿಲ್ಲ ಅನಿಸಿದಾಗ ಇವರು ಮಾಡ್ತಿದ್ದದ್ದು ಅದನ್ನೇ. ಎಲ್ಲರೂ ಒಟ್ಟಿಗೆ ಊಟದ ಮನೆ ಖಾಲಿ ಮಾಡಿ ಹೊರಟುಬಿಡೋರು. ಇದಕ್ಕೆ 'ಕ್ವೊನ್‌ದಾಂಗ್' ಅಂತ ಹೆಸರು.

1448ರಲ್ಲಿ ರಾಜ ಸೆಜಾಂಗ್, ಅಂದ್ರೆ ಕೊರಿಯನ್ ಲಿಪಿ ಕೊಟ್ಟ ಅದೇ ಸೆಜಾಂಗ್, ಅರಮನೆಯೊಳಗೆ ಬೌದ್ಧ ಮಂದಿರ ಕಟ್ಟೋಕೆ ಹೊರಟ. ಕನ್‌ಫ್ಯೂಷಿಯಸ್ ದಾರಿಯ ವಿದ್ಯಾರ್ಥಿಗಳು ಒಪ್ಪಲಿಲ್ಲ, ವಿದ್ಯಾಲಯ ಬಿಟ್ಟು ಮನೆಗೆ ಹೋದ್ರು. ಕೊನೆಗೆ ಹಿರಿಯ ಮಂತ್ರಿ ಹ್ವಾಂಗ್ ಹುಯಿ ಅವರನ್ನು ಸಮಾಧಾನ ಮಾಡಿ ವಾಪಸ್ ಕರೆತರಬೇಕಾಯಿತು. ಮಂದಿರವೇನೋ ಎದ್ದಿತು. ಅವರ ವಾದ ಸರಿಯೋ ತಪ್ಪೋ, ಅದು ಬೇರೆ ಮಾತು. ಆದ್ರೆ ಅವರ ವಿರೋಧವನ್ನು ಸುಮ್ಮನೆ ಕಡೆಗಣಿಸೋಕೆ ಆಗಲಿಲ್ಲ.

ಇವತ್ತಿಗೆ ಬರೋಣ. 1946ರಲ್ಲಿ ಇದೇ ಹೆಸರಲ್ಲಿ ಆಧುನಿಕ ವಿಶ್ವವಿದ್ಯಾಲಯ ಆರಂಭವಾಯಿತು. ಈಗ ಹೆಣ್ಣುಮಕ್ಕಳೂ ಓದ್ತಾರೆ. ಸೋಲ್ ಕ್ಯಾಂಪಸ್‌ನಲ್ಲಿ ಮಾನವಿಕ, ಸಮಾಜ ವಿಜ್ಞಾನ. ಸುವಾನ್ ಕ್ಯಾಂಪಸ್‌ನಲ್ಲಿ ವಿಜ್ಞಾನ, ಎಂಜಿನಿಯರಿಂಗ್. ಸೋಲ್ ಕ್ಯಾಂಪಸ್ ಪಕ್ಕದಲ್ಲೇ ಹಳೆಯ ಪಾಠಶಾಲೆ, ಅದರ ಮುಂದೆ ನೂರಾರು ವರ್ಷದ ಗಿಂಕೋ ಮರಗಳು. ಆ ಮರದ ಎಲೆಯೇ ವಿಶ್ವವಿದ್ಯಾಲಯದ ಲಾಂಛನ. ಅಲ್ಲಿನ 1,000 ವೋನ್ ನೋಟು ಸಿಕ್ಕಿದ್ರೆ ನೋಡಿ, ಆ ಪಾಠಶಾಲೆ ಅದರ ಮೇಲೂ ಇದೆ.

1996ರಿಂದ ಸ್ಯಾಮ್‌ಸಂಗ್ ಇದರ ಬೆನ್ನಿಗಿದೆ. 2006ರಲ್ಲಿ ಸೆಮಿಕಂಡಕ್ಟರ್ ವಿಭಾಗವೂ ಶುರುವಾಯಿತು. ಷರತ್ತು ಪೂರೈಸಿ ಓದು ಮುಗಿಸಿದವರಿಗೆ ಸ್ಯಾಮ್‌ಸಂಗ್‌ನಲ್ಲೇ ಕೆಲಸ. ಅವತ್ತು ರಾಜನ ಕಚೇರಿ, ಇವತ್ತು ಚಿಪ್ ಕಂಪನಿ.

ನಮ್ಮಲ್ಲಿ ಅನ್ನದ ಋಣ ಅಂತೀವಲ್ಲ? ಆ ಹುಡುಗರು ರಾಜನ ಅನ್ನ ಉಂಡೂ ಅವನಿಗೆ 'ಬೇಡ' ಅಂದಿದ್ದರು. ಓದು ಮುಗಿಯೋ ಮೊದಲೇ ಕೆಲಸ ಖಾತ್ರಿಯಾದ ವಿದ್ಯಾರ್ಥಿಗೆ, ಕೆಲಸ ಕೊಡೋರ ಮುಂದೆ ಹಾಗೆ ಹೇಳೋದು ಸುಲಭನಾ? ನೀವೇನಂತೀರಾ, ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.