ಆಸ್ಪತ್ರೆ ಖರ್ಚು ಯಾರದು?

ಕಾರ್ಕಳದ ನಮ್ಮ ಕಲಿಕಾ ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ಹೆಂಗಸರು. ಒಂದು ರಾತ್ರಿ ಪಾಠ ಮುಗಿಯಿತು. ಒಬ್ಬ ಅಕ್ಕ ಕೇಳಿದರು:

"ಟೀಚರೇ, ಗಂಡನ ಆಪರೇಶನ್ನಿಗೆ ಚಿನ್ನ ಅಡವಿಟ್ಟೆ. ಬಿಡಿಸ್ಲಿಕ್ಕೆ ಇನ್ನೂ ಆಗ್ಲಿಲ್ಲ. ಸರ್ಕಾರ ಯಾಕೆ ನೋಡ್ಬಾರ್ದು?"

ಪಕ್ಕದವರು ಹೇಳಿದರು: "ಎಲ್ಲಾ ಸರ್ಕಾರವೇ ಕೊಡ್ಬೇಕಾ ಮಾರಾಯ್ತಿ? ಅದಕ್ಕೆ ದುಡ್ಡು ಎಲ್ಲಿಂದ?"

ಎರಡೂ ಒಳ್ಳೆಯ ಪ್ರಶ್ನೆ. ಬನ್ನಿ, ಯೋಚಿಸೋಣ.

ಸರ್ಕಾರದ ದುಡ್ಡು ನಮ್ಮದೇ ದುಡ್ಡು. ಸಾಬೂನು ಕೊಂಡರೂ ನಾವು ತೆರಿಗೆ ಕೊಡುತ್ತೇವೆ. ಜನರ ಆರೋಗ್ಯ ಕಾಪಾಡುವುದು ಸರ್ಕಾರದ ಕರ್ತವ್ಯ. ಸಂವಿಧಾನದ 47ನೇ ವಿಧಿ ಹಾಗೆ ಹೇಳುತ್ತದೆ.

ಕೆಲವು ಕೆಲಸ ಒಬ್ಬರಿಂದ ಆಗುವುದಿಲ್ಲ. ಮಲೇರಿಯಾ ಸೊಳ್ಳೆಗೆ ಬಡವ, ಬಲ್ಲಿದ ಎಂಬ ಭೇದ ಇಲ್ಲ. ಕಾಪುವಿನ ಒಂದು ಮನೆಯವರು ಹಿತ್ತಲಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಲದು. ಪಕ್ಕದ ಹಿತ್ತಲಲ್ಲೂ ನೀರು ನಿಲ್ಲಬಾರದು. ಪೋಲಿಯೋ ಹನಿಯನ್ನೇ ನೋಡಿ. 1995ರಿಂದ ಊರೂರಲ್ಲಿ ಉಚಿತವಾಗಿ ಹಾಕಿದರು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಆಯಿತು. ಹನಿಗೆ ದುಡ್ಡು ಕೇಳಿದ್ದರೆ ಇದು ಆಗುತ್ತಿತ್ತೇ?

ಖಾಸಗಿಯವರಿಂದಲೂ ಉಪಕಾರ ಆಗಿದೆ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಮೆಡಿಕಲ್ ಕಾಲೇಜು ಕಟ್ಟಿದರು. ಇಂದು ದೂರದ ಊರುಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ.

ಆದರೆ ಉಡುಪಿಯ ತಾಯಿ ಮಕ್ಕಳ ಸರ್ಕಾರಿ ಆಸ್ಪತ್ರೆಯ ಕತೆ ಕೇಳಿ. ಅದರ ಜಾಗ ದಾನಿ ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟದ್ದು. 2016ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ವಹಿಸಿತು. ಊರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 2017ರಲ್ಲಿ ಹೊಸ ಕಟ್ಟಡ ಬಂತು. ಮುಂದೆ ಸಿಬ್ಬಂದಿಗೆ ಸಂಬಳ ಸಿಗದೆ ಹೋಯಿತು. 2022ರಲ್ಲಿ ಸರ್ಕಾರವೇ ಮತ್ತೆ ವಹಿಸಿಕೊಂಡಿತು. ದಾನಿಯ ಕೈ ಸೋತೀತು. ಸರ್ಕಾರ ಕೈಬಿಡುವಂತಿಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರೋಣ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕಾರ್ಡಿನವರಿಗೆ ನಿಗದಿ ದರದ ಶೇಕಡಾ 30 ಭಾಗ ಸರ್ಕಾರ ಕೊಡುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಪತ್ರ ಬರೆದು ಕೊಡುತ್ತಾರೆ. ಆ ಪತ್ರ ಹಿಡಿದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಪತ್ರ ಬೇಡ.

ಖಾಸಗಿ ಆಸ್ಪತ್ರೆಗಳಿಗೂ ಕಾನೂನು ಇದೆ. ಚಿಕಿತ್ಸೆಯ ದರ ಎಲ್ಲರಿಗೂ ಕಾಣುವಂತೆ ಹಾಕಬೇಕು. 2017ರಲ್ಲಿ ಈ ಕಾನೂನನ್ನು ಬಿಗಿ ಮಾಡಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ದರ ಕಟ್ಟಿದರೆ ಆಸ್ಪತ್ರೆ ನಡೆಸುವುದು ಕಷ್ಟ ಎಂಬುದು ಅವರ ಮಾತು. ಬಿಲ್ಲು ಕಟ್ಟಲಾಗದವರ ಮಾತು ಬೇರೆ. ಸರ್ಕಾರ ಇಬ್ಬರ ಮಾತನ್ನೂ ಕೇಳಬೇಕು.

ಅಕ್ಕನ ಮನೆಯಲ್ಲಿ ಬಿಪಿಎಲ್ ಕಾರ್ಡು ಇತ್ತು. ಪತ್ರದ ವಿಷಯ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಬೋರ್ಡು ಓದಲು ಆಗ ಬರುತ್ತಿರಲಿಲ್ಲ. "ಈಗ ಓದ್ತೇನೆ ಟೀಚರೇ" ಅಂದರು. ಚಿನ್ನ ಇನ್ನೂ ಬ್ಯಾಂಕಿನಲ್ಲೇ ಇದೆ.

ಚರ್ಚಿಸೋಣ:
ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಏನು ಸಿಗುತ್ತದೆ? ಏನು ಸಿಗುವುದಿಲ್ಲ?
ಸಿಗದಿದ್ದುದನ್ನು ಗ್ರಾಮಸಭೆಯಲ್ಲಿ ಕೇಳುವವರು ಯಾರು?